ಹಳೆಯ ಸರ್ವರಿನಲ್ಲಿ ನಮ್ಮಪ್ಪನ ನಲವತ್ತು ಸೆಕೆಂಡು

ಖಾತೆ ವರ್ಗಾವಣೆ ವಿಭಾಗದ ಕುಂದುಕೊರತೆ ಅಧಿಕಾರಿಗಳಿಗೆ,

ಮಾನ್ಯರೇ,

ನಿಮ್ಮ ಹೆಸರು ನನಗೆ ಗೊತ್ತಿಲ್ಲ. ಇಪ್ಪತ್ತು ದಿನಗಳಿಂದ ನಿಮ್ಮ ಕಚೇರಿಗೆ ಬರೆಯುತ್ತಿದ್ದೇನೆ. ಪ್ರತಿ ಸಲವೂ ಒಂದೊಂದು ಹೊಸ ಟಿಕೆಟ್ ನಂಬರು ಬಂದಿದೆಯೇ ಹೊರತು ಕೇಳಿದ್ದಕ್ಕೆ ಸರಿಯಾದ ಉತ್ತರ ಬಂದಿಲ್ಲ. ಆದ್ದರಿಂದ ಈಗ ಪತ್ರಿಕೆಯ ಮೂಲಕ, ಊರೆಲ್ಲ ನೋಡುವಂತೆ ಬರೆಯುತ್ತಿದ್ದೇನೆ. ನನ್ನ ದೂರು ಉದ್ದದ್ದೇನಲ್ಲ. ನಮ್ಮ ವೆಬ್‌ಸೈಟ್ ಇದ್ದ ಸೇಲಂನ ಚಿಕ್ಕ ಹೋಸ್ಟಿಂಗ್ ಕಂಪನಿಯನ್ನು ನೀವು ಕೊಂಡುಕೊಂಡಿರಿ. ಕಳೆದ ಮಾರ್ಚ್ ಇಪ್ಪತ್ತೆರಡರಂದು ಅದರ ಖಾತೆಗಳನ್ನೆಲ್ಲ ನಿಮ್ಮ ಸರ್ವರುಗಳಿಗೆ ಸಾಗಿಸಿಕೊಂಡಿರಿ. ವೆಬ್‌ಸೈಟನ್ನು ತಂದಿರಿ, ಮೇಲ್‌ಬಾಕ್ಸಿನಲ್ಲಿದ್ದ ಪತ್ರಗಳನ್ನು ಹಳೆಯ ಸರ್ವರಿನಲ್ಲೇ ಬಿಟ್ಟಿರಿ. ಹಾಗೆ ಬಿಟ್ಟ ಪತ್ರಗಳಲ್ಲಿ ಒಂದರೊಳಗೆ, ಕಾಣೆಯಾಗಿದ್ದ ನಮ್ಮಪ್ಪನ ದನಿ ಇದೆ. ಆ ಹಳೆಯ ಸರ್ವರನ್ನು ಬರುವ ಜೂನ್ ಮೂವತ್ತರ ಸೋಮವಾರ ಪೂರ್ತಿ ಅಳಿಸಿಹಾಕುತ್ತೀರಂತೆ. ಅಳಿಸಬೇಡಿ. ಆ ಒಂದು ಪತ್ರವನ್ನು ನಮಗೆ ಕೊಡಿ, ಆಮೇಲೆ ನಿಮ್ಮ ಸರ್ವರನ್ನು ಕಲ್ಲಿಗೆ ಬೇಕಾದರೂ ಕುಕ್ಕಿ, ನಾನು ಕೇಳುವುದಿಲ್ಲ.

ಅರ್ಜಿ ಬರೆಯುವುದು ನನಗೆ ಹೊಸತಲ್ಲ ಎಂಬುದನ್ನು ಮೊದಲೇ ತಿಳಿಸಿಬಿಡುತ್ತೇನೆ. ಧರ್ಮಪುರಿಯಲ್ಲಿ ಕಲೆಕ್ಟರ್ ಆಫೀಸಿಗೆ ಹೋಗುವ ದಾರಿಯಲ್ಲಿ ನನ್ನದೊಂದು ಟೈಪಿಂಗ್ ಮತ್ತು ಜೆರಾಕ್ಸ್ ಅಂಗಡಿ ಇದೆ. ಸೋಮವಾರ ಬಂತೆಂದರೆ ಮನು, ಅಂದರೆ ಅರ್ಜಿ, ಕೊಡುವವರ ಸಾಲು ನನ್ನ ಬಾಗಿಲಲ್ಲೇ ಶುರುವಾಗುತ್ತದೆ. ಹದಿನೆಂಟು ವರ್ಷದಿಂದ ಬೇರೆಯವರ ಪಟ್ಟಾ, ಬೇರೆಯವರ ಪಿಂಚಣಿ, ಬೇರೆಯವರ ದಾರಿ ಜಗಳ, ಎಲ್ಲವನ್ನೂ ತಮಿಳಿನಲ್ಲಿ ಟೈಪ್ ಮಾಡಿಕೊಟ್ಟಿದ್ದೇನೆ. ಕಾಗದದ ಮೇಲೆ ಕಣ್ಣೀರು ಹಾಕಬಾರದು, ಸರ್ವೆ ನಂಬರು ಹಾಕಬೇಕು ಎಂದು ಬಂದವರಿಗೆಲ್ಲ ಬುದ್ಧಿ ಹೇಳಿದವಳು ನಾನು. ಈ ಪತ್ರವನ್ನು ಮಾತ್ರ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಚಿಕ್ಕಂದಿನಲ್ಲಿ ಹೊಸೂರಿನಾಚೆ ಅತ್ತೆ ಮನೆಯಲ್ಲಿದ್ದುಕೊಂಡು ಕನ್ನಡ ಶಾಲೆಯಲ್ಲಿ ಓದಿದೆ, ಆ ಋಣ ಈಗ ಕೆಲಸಕ್ಕೆ ಬಂತು. ನಿಮ್ಮ ಕಚೇರಿ ಬೆಂಗಳೂರಿನಲ್ಲಿದೆ. 'ನಿಮ್ಮ ಭಾಷೆಯಲ್ಲಿ ನಿಮ್ಮ ಸೇವೆ' ಎಂದು ನಿಮ್ಮ ಪುಟದ ನೆತ್ತಿಯ ಮೇಲೆ ಬರೆದುಕೊಂಡಿದ್ದೀರಿ. ಇಗೋ, ನನ್ನ ಭಾಷೆ.

ನಮ್ಮಪ್ಪ ಅಣ್ಣಯ್ಯಪ್ಪ. ಸೇಲಂನ ನೇಕಾರರ ಬೀದಿಯಲ್ಲಿ ಗುಂಡಿಮಗ್ಗದ ಮೇಲೆ ರೇಷ್ಮೆ ಪಂಚೆ ನೇಯುತ್ತಿದ್ದರು. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಎಪ್ಪತ್ತು ವರ್ಷ ಹಾಗೇ ಬದುಕಿದವರು. ಆಮೇಲೆ ಮರೆವು ಬಂತು. ಮೊದಲು ಕನ್ನಡಕ ಎಲ್ಲಿಟ್ಟೆ ಎಂದು ಮರೆತರು, ಆಮೇಲೆ ಊಟ ಮಾಡಿದ್ದು ಮರೆತರು, ಒಂದು ದಿನ ನೋಡಿದರೆ ತಮಿಳನ್ನೇ ಮರೆತಿದ್ದರು. ಬೀದಿ ಕೊನೆಯ ಕಿರಾಣಿ ಅಂಗಡಿಯ ತಮಿಳ್‌ಸೆಲ್ವಿ, ಅಪ್ಪ ಎತ್ತಿ ಆಡಿಸಿದ ಹುಡುಗಿ, "ಎನ್ನ ವೇಣುಂ ತಾತಾ?" ಎಂದು, ಏನು ಬೇಕೆಂದು ಕೇಳಿದರೆ ಅಪ್ಪ ನಮ್ಮಮ್ಮ ರಾಜಾತಿಯ ಕಡೆ ತಿರುಗಿ, "ಏನ್ಲೇ ಅಂತಾಳೆ ಇವ್ಳು? ಮನುಸ್ರ ಮಾತು ಬರಾಕಿಲ್ವಾ ಇವ್ಳಿಗೆ?" ಅಂದರು. ತಮಿಳ್‌ಸೆಲ್ವಿ ಪಾಪ, ಸೆರಗಲ್ಲಿ ಕಣ್ಣೊರೆಸಿಕೊಂಡಳು. ಅಮ್ಮ ಅವತ್ತೇ ಮನೆಯಲ್ಲಿ ಆಜ್ಞೆ ಹೊರಡಿಸಿದಳು: "ಅವ್ರಿಗೆ ತಮಿಳು ಓಯ್ತು. ಇನ್ ಮ್ಯಾಲೆ ಈ ಮನೇಲಿ ಯಾರೂ ತಮಿಳಲ್ಲಿ ಮಾತಾಡ್ಬ್ಯಾಡಿ, ಅವ್ರು ಒಬ್ರೇ ಆಗೋಯ್ತಾರೆ." ನಾವು ಮಗ್ಗದಿಂದ ಇಳಿಸಿದ ಮೇಲೂ ಅಪ್ಪ ನೇಯುವ ಮರದ ಲಾಳಿಯೊಂದನ್ನು ಅಂಗಿಯ ಜೇಬಿನಲ್ಲಿ ಇಟ್ಟುಕೊಂಡೇ ಓಡಾಡುತ್ತಿದ್ದರು. ಕೇಳಿದರೆ ಕೊಡುತ್ತಿರಲಿಲ್ಲ.

ಒಂದೂವರೆ ವರ್ಷದ ಹಿಂದೆ, ದೀಪಾವಳಿಗೆ ಮುಂಚಿನ ವಾರ, ಅಮ್ಮ ಹಿತ್ತಿಲಿನಲ್ಲಿ ಬಟ್ಟೆ ಒಗೆಯುತ್ತಿದ್ದಾಗ ಅಪ್ಪ ಬೀದಿಗೆ ಇಳಿದರು, ಟೌನ್ ಬಸ್ ಹತ್ತಿದರು, ಜಂಕ್ಷನ್ನಿನಲ್ಲಿ ಇಳಿದರು. ರೈಲ್ವೆಯವರ ಕ್ಯಾಮೆರಾದಲ್ಲಿ ನೋಡಿದೆವು. ಹಬ್ಬಕ್ಕೆ ಊರಿಗೆ ಹೊರಟಿದ್ದ ಬಡಗಿನ ಕೂಲಿಯವರ ಗುಂಪಿನ ಹಿಂದೆ, ಯಾರೋ ಕರೆದವರ ಹಾಗೆ ನಡೆದುಹೋಗಿ, ಒಂದು ಜನರಲ್ ಡಬ್ಬಿ ಹತ್ತಿದರು. ಅಷ್ಟೇ, ಅಲ್ಲಿಂದಾಚೆ ಅವರು ಎಲ್ಲಿಳಿದರು ಎಂದು ಯಾವ ಕ್ಯಾಮೆರಾವೂ ಹೇಳಲಿಲ್ಲ. ತಮಿಳೂ ಇಲ್ಲದ, ಹಿಂದಿಯಂತೂ ಮೊದಲೇ ಇಲ್ಲದ ಮನುಷ್ಯ, ನಮ್ಮ ಮನೆಯಲ್ಲಿ ಮಾತ್ರ ಅರ್ಥವಾಗುವ ಒಂದು ಕನ್ನಡ ಇಟ್ಟುಕೊಂಡು ಬಡಗು ದೇಶಕ್ಕೆ ಹೋದರು.

ಠಾಣೆಯಲ್ಲಿ ದೂರು ಕೊಟ್ಟೆವು, ಫೋಟೋ ಅಂಟಿಸಿದೆವು, ಹರಕೆ ಹೊತ್ತೆವು. ಶಂಕಗಿರಿಯ ಲಾರಿ ಡ್ರೈವರ್ ನಾರಪ್ಪ, ಮೇಟೂರು ಕಡೆಯ ನಮ್ಮ ಭಾಷೆಯವನು, ನಾಗಪುರದವರೆಗೂ ಡಾಬಾ ಡಾಬಾಗಳ ಗೋಡೆಗೆ ಅಪ್ಪನ ಪಟ ಅಂಟಿಸಿ ಬಂದ. ನಮ್ಮ ಬೀದಿಯ ಅರವಿಂದ್ ಎಂಬ ಹುಡುಗ ಕಂಪ್ಯೂಟರ್ ಕಲಿತವನು. ಅವನು ಒಂದು ವೆಬ್‌ಸೈಟ್ ಮಾಡಿಕೊಟ್ಟ. ಒಂದೇ ಪುಟ. ಅಪ್ಪನ ಫೋಟೋ, ಜೇಬಿನಲ್ಲಿ ಲಾಳಿ ಇರುತ್ತದೆಂಬ ಗುರುತು, ತಮಿಳು, ಹಿಂದಿ, ಇಂಗ್ಲಿಷಿನಲ್ಲಿ ನಾಲ್ಕು ಸಾಲು, ಕೆಳಗೆ ಅಮ್ಮನ ಫೋನ್ ನಂಬರು. ಖಾತೆ ತೆರೆಯಲು ಯಾರ ಆಧಾರ್ ಹಾಕಲಿ ಎಂದು ಅವನು ಕೇಳಿದಾಗ ಅಮ್ಮ ಅಪ್ಪನದನ್ನೇ ತಂದು ಮುಂದಿಟ್ಟಳು. "ಕರೆಂಟ್ ಬಿಲ್ಲು ಅವ್ರ ಎಸ್ರಲ್ಲೈತೆ, ರೇಷನ್ ಕಾರ್ಡು ಅವ್ರ ಎಸ್ರಲ್ಲೈತೆ. ಇದೂ ಅವ್ರ ಎಸ್ರಲ್ಲೇ ಇರ್ಲಿ. ಬ್ಯಾರೆಯವ್ರ ಎಸ್ರು ಆಕಿದ್ರೆ ಅವ್ರನ್ನ ಮನೆಯಿಂದ ಆಚಿಗೆ ಆಕ್ದಂಗೆ." ಅರ್ಜಿ ಬರೆಯುವವಳಾದ ನಾನು ಪಕ್ಕದಲ್ಲೇ ನಿಂತಿದ್ದೆ. ಬೇಡ ಎನ್ನಬೇಕಿತ್ತು.

ಫೋನ್ ನಂಬರು ಹಾಕಿದ್ದಕ್ಕೆ ಫಲ ಬೇಗ ಸಿಕ್ಕಿತು. "ನಿಮ್ಮ ಯಜಮಾನರು ನಮ್ಮ ಹತ್ತಿರ ಇದ್ದಾರೆ, ದುಡ್ಡು ಕಳಿಸಿ" ಎಂದು ಎಲ್ಲೆಲ್ಲಿಂದಲೋ ಪಾಪಿಗಳು ಅಮ್ಮನಿಗೆ ಫೋನ್ ಮಾಡತೊಡಗಿದರು. ಒಬ್ಬನಂತೂ ಹಿಂದೆ ಯಾರದೋ ನರಳುವ ಸದ್ದು ಕೇಳಿಸಿದ. ಅವತ್ತು ಅಮ್ಮ ಎಚ್ಚರ ತಪ್ಪಿ ಬಿದ್ದಳು. ಅರವಿಂದ್ ನಂಬರು ತೆಗೆದುಹಾಕಿ, ಬರಹವನ್ನೂ ದನಿಯನ್ನೂ ಕಳಿಸಬಹುದಾದ ಒಂದು ಫಾರ್ಮ್ ಇಟ್ಟ. ಯಾರೇ ಅದರಲ್ಲಿ ತುಂಬಿದರೂ ಅದು ಸೀದಾ ನಮ್ಮ ಮೇಲ್‌ಬಾಕ್ಸಿಗೆ ಬಂದು ಬೀಳುತ್ತಿತ್ತು. ಹೀಗಾಗಿ ಲೋಕದಿಂದ ನಮ್ಮಪ್ಪನ ಸುದ್ದಿ ನಮ್ಮ ಮನೆಗೆ ಬರಲು ಉಳಿದದ್ದು ಆ ಒಂದು ಕಿಂಡಿ.

ಈಗ ನನ್ನ ತಪ್ಪನ್ನು ಹೇಳುತ್ತೇನೆ. ಇದನ್ನು ಬಿಟ್ಟುಬಿಟ್ಟರೆ ಪತ್ರ ಇನ್ನೂ ಚೂಪಾಗುತ್ತಿತ್ತು, ಆದರೆ ಸುಳ್ಳಾಗುತ್ತಿತ್ತು. ಮೊದಮೊದಲು ನಾನು ದಿನಾ ಮೇಲ್ ತೆಗೆದು ನೋಡುತ್ತಿದ್ದೆ. ದಿನಾ ಹತ್ತು ಗಂಟೆಗೆ, ಮುದ್ದಿಗೆ ನನ್ನನ್ನು 'ಕಣ್ಣು' ಎನ್ನುವ ಅಮ್ಮನ ಫೋನ್ ಬರುತ್ತಿತ್ತು. "ಬಂತಾ ಕಣ್ಣು?" "ಇಲ್ಲಮ್ಮ." ಅವತ್ತಿನ ಅನ್ನ ಅವಳಿಗೆ ಅಲ್ಲಿಗೆ ಮುಗಿಯಿತು. ಏಳು ತಿಂಗಳಲ್ಲಿ ಬಳೆಗಳು ಮೊಣಕೈಯವರೆಗೂ ಜಾರುವಷ್ಟು ಸೊರಗಿದಳು. ಕಳೆದ ವರ್ಷದ ಆಡಿ ಅಮಾವಾಸ್ಯೆಯಂದು, ಅಂದರೆ ನಿಮ್ಮ ಆಷಾಢದ ಅಮಾವಾಸ್ಯೆಯಂದು, ಅವಳೇ ಒಂದು ಕಟ್ಟಳೆ ಮಾಡಿದಳು.

ನಮ್ಮ ಮನೆಯಲ್ಲಿ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಕ್ಕುತ್ತೇವೆ. ತಾತನಿಗೊಂದು ಎಲೆ, ಅಜ್ಜಿಗೊಂದು ಎಲೆ. ಸತ್ತವರು ಕೊನೆಗೆ ಬಾಯಿ ಬಿಟ್ಟು ಏನು ಕೇಳಿದ್ದರೋ ಅದು ಎಲೆಯ ಮೇಲೆ ಇರಲೇಬೇಕು. ತಾತ ಕೊನೆಗೆ ಸುಟ್ಟ ಜೋಳದ ತೆನೆ ಕೇಳಿದ್ದರಂತೆ, ಅದಕ್ಕೇ ಇವತ್ತಿಗೂ ಅವರ ಎಲೆಯಲ್ಲಿ ಒಂದು ತುಂಡು ತೆನೆ. ಅಜ್ಜಿ ಕೇಳಿದ್ದು ನೆಂಟರ ಮನೆಯ ಮಜ್ಜಿಗೆ, ಅದಕ್ಕೇ ಮಜ್ಜಿಗೆಯನ್ನು ಪಕ್ಕದ ನೆಂಟರ ಮನೆಯಿಂದ ಕೇಳಿ ತಂದು ಇಡುತ್ತೇವೆ. ಆ ದಿನ ಅಮ್ಮ ಮೂರನೆಯ ಎಲೆಯೊಂದನ್ನು ಕುಯ್ದು, ತೊಳೆದು, ಗೋಡೆಗೆ ಒರಗಿಸಿ, ನನ್ನ ಮುಖ ನೋಡಿದಳು. "ದಿನಾ ಇಲ್ಲ ಇಲ್ಲ ಅನ್ನಿಸ್ಕಂಡು ಸಾಕಾಗೈತೆ ಭಾಗ್ಯ. ಇನ್ನ ಅಮಾಸೆ ಅಮಾಸೆಗೆ ನೋಡು. ಎಡೆ ಇಕ್ಕೋಕೆ ಮುಂಚೆ ನೋಡು. ಅವ್ರು ಇಲ್ಲ ಅಂತ ಕಾಗ್ದ ಬಂದ್ರೆ ಈ ಎಲೆ ಅಲ್ಲಿ, ಹಿರೀಕರ ಪಕ್ಕ, ಆಕ್ತೀನಿ. ಬರ್ನಿಲ್ಲಾಂದ್ರೆ ಅವ್ರು ಅವ್ರೆ. ಎಲ್ಲೋ ಅವ್ರೆ."

ಅಂದಿನಿಂದ ಅದೇ ನಮ್ಮ ಕಟ್ಟಳೆಯಾಯಿತು. ಅಮಾವಾಸ್ಯೆಗೆ ನಾನು ಧರ್ಮಪುರಿಯಿಂದ ಮೊದಲ ಬಸ್ಸಿಗೆ ಸೇಲಂಗೆ ಹೋಗುವುದು, ಅಮ್ಮನ ಮುಂದೆ ಕೂತು ಫೋನಿನಲ್ಲಿ ಮೇಲ್ ತೆರೆಯುವುದು, "ಏನೂ ಇಲ್ಲಮ್ಮ" ಎನ್ನುವುದು. ಅಮ್ಮ ಆ ಮೂರನೆಯ ಎಲೆಯಲ್ಲಿ ತಾನೇ ಬಡಿಸಿಕೊಂಡು ಉಣ್ಣುತ್ತಿದ್ದಳು. ತಿಂಗಳಿಗೆ ಅದೊಂದು ದಿನ ಹೊಟ್ಟೆ ತುಂಬ ಉಣ್ಣುತ್ತಿದ್ದಳು. ಅದನ್ನು ನೋಡಿ ನಾನೂ ಕದ್ದು ಮುಚ್ಚಿ ಕೂಡ ನಡುವೆ ಮೇಲ್ ತೆರೆಯಲಿಲ್ಲ. ತೆರೆದರೆ ಅಮ್ಮನಿಗೆ ಮಾತು ತಪ್ಪಿದಂತೆ ಅನ್ನಿಸುತ್ತಿತ್ತು. ಓದಿದವಳು, ಕಂಪ್ಯೂಟರ್ ಮುಂದೆ ಹೊಟ್ಟೆ ಹೊರೆಯುವವಳು, ಇಂಥ ಕಟ್ಟಳೆಗೆ ಕುತ್ತಿಗೆ ಕೊಟ್ಟೆಯಲ್ಲ ಎಂದು ನೀವು ಕೇಳಬಹುದು. ಕೇಳಿ. ನಾನೂ ಅದನ್ನೇ ಕೇಳಿಕೊಳ್ಳುತ್ತಿದ್ದೇನೆ.

ಈ ವರ್ಷದ ಮಾಸಿ ತಿಂಗಳ ಅಮಾವಾಸ್ಯೆ ಫೆಬ್ರವರಿ ಇಪ್ಪತ್ತೇಳಕ್ಕೆ ಬಂತು. ಮೇಲ್‌ಬಾಕ್ಸಿನಲ್ಲಿ ಹೊಸದೇನೂ ಇರಲಿಲ್ಲ. ಅಮ್ಮ ಉಂಡಳು. ಮಾರ್ಚ್ ನಾಲ್ಕಕ್ಕೆ, ಅಂದರೆ ಸರಿಯಾಗಿ ಐದು ದಿನಕ್ಕೆ, ಜಾರ್ಖಂಡಿನ ಒಂದು ರೈಲ್ವೆ ಊರಿನ ಅನಾಥಾಶ್ರಮದಿಂದ ಒಬ್ಬ ನರ್ಸಮ್ಮ ನಮ್ಮ ಫಾರ್ಮಿನಲ್ಲಿ ಬರೆದು, ಒಂದು ದನಿಯನ್ನೂ ಕಳಿಸಿದರು. ಉತ್ತರ ಬರದೆ ಮಾರ್ಚ್ ಇಪ್ಪತ್ತಕ್ಕೆ ಮತ್ತೆ ಬರೆದರು. ಇವೆರಡೂ ನನಗೆ ಗೊತ್ತಾದದ್ದು ಮೇ ತಿಂಗಳ ನಡುವೆ. ಯಾಕೆಂದರೆ ಮಾರ್ಚ್ ಇಪ್ಪತ್ತೆರಡಕ್ಕೆ ತಾವು ದಯಮಾಡಿಸಿದಿರಿ.

ತಮ್ಮ ಆಗಮನದ ಸೂಚನೆಯನ್ನು ತಾವು ಮೂರು ಸಲ ಕಳಿಸಿದ್ದೀರೆಂದು ನಿಮ್ಮ ಚಾಟಿನ ಯಂತ್ರ ನನಗೆ ಹೇಳಿದೆ. ಒಪ್ಪಿದೆ. ಎಲ್ಲಿಗೆ ಕಳಿಸಿದಿರಿ? ಯಾವ ಮೇಲ್‌ಬಾಕ್ಸನ್ನು ಖಾಲಿ ಮಾಡಲಿದ್ದಿರೋ ಅದೇ ಮೇಲ್‌ಬಾಕ್ಸಿಗೆ! ಮನೆ ಕೆಡವುತ್ತೇವೆ ಎಂಬ ನೋಟೀಸನ್ನು ಬೀಗ ಹಾಕಿದ ಅದೇ ಮನೆಯ ದೇವರ ಕೋಣೆಯಲ್ಲಿ ಅಂಟಿಸಿ ಬಂದ ಹಾಗೆ. 'ಗ್ರಾಹಕರು ತಮ್ಮ ಹಳೆಯ ಮೇಲ್‌ಗಳನ್ನು ತಾವೇ ಪ್ರತಿ ಮಾಡಿಟ್ಟುಕೊಳ್ಳತಕ್ಕದ್ದು' ಎಂದು ಅದರ ಹದಿನಾಲ್ಕನೆಯ ಸಾಲಿನಲ್ಲಿ ಇತ್ತಂತೆ. ಲಾರಿಯಲ್ಲಿ ಮನೆ ಸಾಮಾನು ಸಾಗಿಸುವ ನಮ್ಮ ನಾರಪ್ಪನಂಥವರು ಓದಿದವರಲ್ಲ, ಆದರೂ ಹೊರಡುವ ಮುಂಚೆ ಅಟ್ಟಕ್ಕೊಂದು ಸಲ ಹತ್ತಿ, "ಅಕ್ಕಾ, ಏನಾರ ಬಿಟ್ಟೈತಾ?" ಎಂದು ಕೂಗುತ್ತಾರೆ. ನೀವು ಸಾವಿರಾರು ಖಾತೆಗಳನ್ನು ಒಂದು ಶನಿವಾರ ಎತ್ತಿ ಇಟ್ಟಿರಿ. ಒಂದು ಫೋನ್, ಒಂದು ಎಸ್ಸೆಮ್ಮೆಸ್, ಒಂದು ಕೂಗು ಹಾಕಲಿಕ್ಕೆ ನಿಮ್ಮಲ್ಲಿ ಬಾಯಿ ಇರಲಿಲ್ಲವೇ? ಜಾಹೀರಾತಿಗಾದರೆ ದಿನಕ್ಕೆರಡು ಎಸ್ಸೆಮ್ಮೆಸ್ ಬರುತ್ತವೆ, ಈಗಲೂ ಬರುತ್ತಿವೆ.

ಪಂಗುನಿ ಅಮಾವಾಸ್ಯೆ ಮಾರ್ಚ್ ಇಪ್ಪತ್ತೊಂಬತ್ತಕ್ಕೆ. ಅಮ್ಮ ಮೂರನೆಯ ಎಲೆಯನ್ನು ತೊಳೆದು ಒರಗಿಸಿದಳು. ನಾನು ಮೇಲ್ ತೆರೆದೆ. ಬಣ್ಣ ಬದಲಾಗಿತ್ತು. ಒಳಗೆ ಒಂದೇ ಒಂದು ಪತ್ರ ಇತ್ತು, ನಿಮ್ಮದು: 'ನಮ್ಮ ಕುಟುಂಬಕ್ಕೆ ಸ್ವಾಗತ, ಶ್ರೀ ಅಣ್ಣಯ್ಯಪ್ಪ ಅವರೇ.' ಹಿಂದಿನ ಪತ್ರಗಳು, ದುಡ್ಡು ಕೇಳುವ ಆ ಸುಳ್ಳುಗಾರರು ಆಮೇಲೆ ಫಾರ್ಮಿನಲ್ಲಿ ಬರೆದಿದ್ದವೂ ಸೇರಿ, ಒಂದೂ ಕಾಣಲಿಲ್ಲ. ಹಳೆ ಕಸ ಗುಡಿಸಿದ್ದಾರೆ, ಒಳ್ಳೆಯದಾಯಿತು ಎಂದುಕೊಂಡೆ. ದೇವರಾಣೆಗೂ ಹಾಗೇ ಅಂದುಕೊಂಡೆ. "ಏನೂ ಇಲ್ಲಮ್ಮ" ಎಂದೆ. ಅಮ್ಮ ಕೈ ಮುಗಿದು, ಎಲೆ ಹಾಸಿಕೊಂಡು, ಹುರುಳಿ ಸಾರು ಕಲಸಿ ಉಂಡಳು. ಅಪ್ಪ ತೀರಿಕೊಂಡು ಅಂದಿಗೆ ನಾಲ್ಕು ದಿನವಾಗಿತ್ತು.

ಅಪ್ಪ ಹೋದ ಸುದ್ದಿ ತಂದದ್ದು ಕಾಗದ. ನಮ್ಮ ಪುಟದಲ್ಲಿ ಠಾಣೆಯ ಹೆಸರಿತ್ತು. ಆಶ್ರಮದವರು ಕೊನೆಗೆ ಅಲ್ಲಿಗೆ ಅಂಚೆಯಲ್ಲಿ ಬರೆದಿದ್ದರು. ಹಿಂದಿಯ ಕಾಗದ. ಓದಬಲ್ಲವರು ಠಾಣೆಯಲ್ಲೂ ಇರಲಿಲ್ಲ, ನಮ್ಮಲ್ಲೂ ಇರಲಿಲ್ಲ. ಅದನ್ನು ಹಿಡಿದುಕೊಂಡು ನಾನು, ಅಮ್ಮ ಶಂಕಗಿರಿಗೆ ಬಸ್ ಹತ್ತಿದೆವು. ನಾರಪ್ಪ ಲಾರಿ ಶೆಡ್ಡಿನಲ್ಲಿ ಟೈರು ಬಿಚ್ಚಿ ಕೂತಿದ್ದ. ಮೈಲಿಗಲ್ಲು, ಚೆಕ್‌ಪೋಸ್ಟ್ ಬೋರ್ಡು ನೋಡಿ ನೋಡಿ ಹಿಂದಿ ಓದಲು ಕಲಿತವನು. ಕೈ ಒರೆಸಿಕೊಂಡು ಕಾಗದ ತೆಗೆದುಕೊಂಡ. ಒಂದು ಸಾಲು ಓದಿದ, ಎರಡು ಸಾಲು ಓದಿದ, ಬಾಯಿ ಮಾತ್ರ ಅಲ್ಲಾಡುತ್ತಿತ್ತು.

"ಜೋರಾಗಿ ಓದ್ಲಾ," ಅಂದಳು ಅಮ್ಮ.

"ಅವ್ವಾ, ನೀನು ಕುಂತ್ಕೋ ಮದ್ಲು."

"ಕುಂತ್ರೂ ಅದೇ ಐತೆ, ನಿಂತ್ರೂ ಅದೇ ಐತೆ. ಓದು."

ಅವನು ಓದಿದ. ರೈಲ್ವೆ ಪೊಲೀಸರು ತಂದು ಬಿಟ್ಟ, ಸುಮಾರು ಎಪ್ಪತ್ತು ವರ್ಷದ, ಹೆಸರು ತಿಳಿಯದ ಗಂಡಸು. ಜೇಬಿನಲ್ಲಿ ದೋಣಿಯಾಕಾರದ ಮರದ ವಸ್ತು. ಭಾಷೆ ಯಾರಿಗೂ ತಿಳಿದಿಲ್ಲ. ಕಾಣೆಯಾದವರ ಪುಟದ ಫೋಟೋವನ್ನು ಹೋಲುತ್ತಾರೆಂದು ಅಲ್ಲೇ ಎರಡು ಸಲ ತಿಳಿಸಿದೆವು, ಉತ್ತರ ಬರಲಿಲ್ಲ. ಮಾರ್ಚ್ ಇಪ್ಪತ್ತೈದರ ಬೆಳಗ್ಗೆ ಮೃತರಾದರು. ವಾರಸುದಾರರಿಲ್ಲದ ಕಾರಣ ಅಪರಿಚಿತರೆಂದು ದಾಖಲಿಸಿ ದಹನ ಮಾಡಲಾಯಿತು. ಮರದ ವಸ್ತು ನಮ್ಮಲ್ಲಿದೆ.

ಅಮ್ಮ ಅಳಲಿಲ್ಲ. ಶೆಡ್ಡಿನ ಗೋಡೆಗೆ ಅಂಟಿಸಿದ್ದ ಅಪ್ಪನ ಪಟವನ್ನೇ ನೋಡುತ್ತಿದ್ದಳು. ನಾರಪ್ಪ ಕಾಗದದಲ್ಲಿದ್ದ ನಂಬರಿಗೆ ಫೋನ್ ಹಚ್ಚಿ ಸ್ಪೀಕರ್ ಹಾಕಿದ, ಆ ನರ್ಸಮ್ಮನ ಜೊತೆ ಹಿಂದಿಯಲ್ಲಿ ಮಾತಾಡಿದ, ಒಂದೊಂದನ್ನೇ ನಮಗೆ ಹೇಳಿದ. "ಅಕ್ಕಾ, ಅಪ್ಪ ಕೊನೇ ತಿಂಗ್ಳು ಪೂರ್ತಿ ಒಂದೇ ಮಾತು ಕೇಳ್ತಿದ್ರಂತೆ. ಲಾಳಿ ಕೈಲಿ ಇಡ್ಕಂಡು ಅದೇ ಮಾತು, ಅದೇ ಮಾತು. ಇವ್ರು ನೀರು ಕೊಟ್ರಂತೆ, ಬ್ಯಾಡ ಅಂತ ತಲೆ ಆಡ್ಸಿದ್ರಂತೆ. ರೊಟ್ಟಿ ಕೊಟ್ರಂತೆ, ತಲೆ ಆಡ್ಸಿದ್ರಂತೆ. ಕಂಬ್ಳಿ ಒದ್ಸಿದ್ರಂತೆ, ಡಾಕ್ಟ್ರುನ್ನ ಕರೆಸಿದ್ರಂತೆ, ಎಲ್ಲದಕ್ಕೂ ತಲೆ ಆಡ್ಸೋದೇ. ಅದಕ್ಕೇ ಆ ಮಾತನ್ನ ಫೋನಲ್ಲಿ ಇಡ್ದು, ಏನು ಕೇಳ್ತಾವ್ರೆ ಒಸಿ ಹೇಳಿ, ಕೊಟ್ಬಿಡ್ತೀವಿ ಅಂತ ನಿಮ್ಗೆ ಕಳ್ಸಿದ್ರಂತೆ. ನಲವತ್ತು ಸೆಕೆಂಡು ಐತಂತೆ."

ಅಮ್ಮ ಪಟದಿಂದ ಕಣ್ಣು ತೆಗೆದಳು. "ಆ ಮಾತು ಎಂಗಿತ್ತು ಕೇಳು."

ನಾರಪ್ಪ ಕೇಳಿದ. ನರ್ಸಮ್ಮ ಆ ಕಡೆಯಿಂದ ಅಳುತ್ತಾ ಏನೋ ಹೇಳಿದರು. ಆ ಭಾಷೆ ತಮ್ಮ ಬಾಯಲ್ಲಿ ತಿರುಗುವುದಿಲ್ಲ, ತಪ್ಪು ಹೇಳಿಬಿಟ್ಟರೆ ಪಾಪ ಬರುತ್ತದೆ, ಅಂದರಂತೆ. ದನಿ ಇದ್ದ ಅವರ ಫೋನು ಏಪ್ರಿಲ್‌ನಲ್ಲಿ ನೀರಿನ ಬಕೆಟ್ಟಿಗೆ ಬಿದ್ದು ಹೋಯಿತು. ಫಾರ್ಮಿನಲ್ಲಿ ಕಳಿಸಿದ್ದರಿಂದ ಅವರ ಬಳಿ ಪ್ರತಿ ಉಳಿದಿಲ್ಲ. ಕಳಿಸಿದ ಕೂಡಲೇ ನಮ್ಮ ಪುಟ 'ನಿಮ್ಮ ಸಂದೇಶ ತಲುಪಿದೆ, ಧನ್ಯವಾದ' ಎಂದಿತ್ತಂತೆ. ಅದಕ್ಕೇ ಅವರು ದಿನಾ ಕಾದರಂತೆ. ತಲುಪಿದ್ದೇನೋ ನಿಜ. ತಲುಪಿದ ಜಾಗ ಈಗ ನಿಮ್ಮ ಕೈಯಲ್ಲಿದೆ.

ಮಾನ್ಯರೇ, ನಮ್ಮಪ್ಪನನ್ನು ನೀವು ಕೊಂದಿರಿ ಎಂದು ನಾನು ಹೇಳುತ್ತಿಲ್ಲ. ಮಾರ್ಚ್ ನಾಲ್ಕರಿಂದ ಇಪ್ಪತ್ತೆರಡರವರೆಗೆ ಆ ಪತ್ರ ನಮ್ಮ ಮೇಲ್‌ಬಾಕ್ಸಿನಲ್ಲೇ ಇತ್ತು. ಒಂದು ದಿನ, ಯಾವುದಾದರೂ ಒಂದು ದಿನ, ನಾನು ಅಂಗಡಿಯಲ್ಲಿ ಕೂತಲ್ಲೇ ಎರಡು ಸಲ ಬೆರಳು ಒತ್ತಿದ್ದರೆ ಅಪ್ಪನನ್ನು ಮನೆಗೆ ಕರೆತರುತ್ತಿದ್ದೆ, ಕೊನೇ ಪಕ್ಷ ಅವರು ಕೇಳಿದ್ದೇನೆಂದು ಫೋನಿನಲ್ಲಿ ಹೇಳುತ್ತಿದ್ದೆ. ಆ ಪಾಪ ನನ್ನದು. ಅದನ್ನು ನಿಮ್ಮ ತಲೆಗೆ ಕಟ್ಟಿ ನಾನು ಹಗುರಾಗುವುದಿಲ್ಲ. ನಾನು ಕೇಳುತ್ತಿರುವುದು ನಿಮ್ಮ ಪಾಲಿನದನ್ನು ಮಾತ್ರ.

ನಿಮ್ಮ ಪಾಲಿನದು ಏನೆಂದು ತಿಳಿಯಲು ನಾನು ಇಪ್ಪತ್ತು ದಿನ ನಿಮ್ಮ ಚಾಟಿನ ಯಂತ್ರದ ಮುಂದೆ ಕೂತೆ. 'ನಿಮ್ಮ ಅನಾನುಕೂಲಕ್ಕೆ ವಿಷಾದಿಸುತ್ತೇವೆ' ಎಂದಿತು. 'ನಿಮ್ಮ ಅನುಭವಕ್ಕೆ ಎಷ್ಟು ನಕ್ಷತ್ರ ಕೊಡುತ್ತೀರಿ?' ಎಂದಿತು. ನನ್ನ ಅನುಭವಕ್ಕೆ! ಒಮ್ಮೆ ಮಾತ್ರ, ಫೋನಿನಲ್ಲಿ, ರಕ್ತ ಮಾಂಸದ ಒಬ್ಬ ಹುಡುಗಿ ಸಿಕ್ಕಳು. ಕನ್ನಡದವಳು. ಎಲ್ಲ ಕೇಳಿಸಿಕೊಂಡು, ದನಿ ತಗ್ಗಿಸಿ, "ಮೇಡಂ, ನಿಮ್ಮ ಹಳೇ ಮೇಲ್ ಎಲ್ಲಾ ಹಾಗೇ ಇದೆ. ತೆಗೆಯೋದು ಹತ್ತು ನಿಮಿಷದ ಕೆಲಸ. ಜೂನ್ ಮೂವತ್ತರ ತನಕ ಇರುತ್ತೆ, ಆಮೇಲೆ ವೈಪ್ ಮಾಡ್ತಾರೆ. ಆದ್ರೆ ಮೇಲಿನವರು ಒಪ್ಪಬೇಕು" ಅಂದಳು. ಆ ಹುಡುಗಿ ಯಾರು ಎಂದು ಹುಡುಕಲು ಹೋಗಬೇಡಿ. ನಿಮ್ಮ ಇಡೀ ಕಂಪನಿಯಲ್ಲಿ ನನಗೆ ನಿಜ ಹೇಳಿದವಳು ಅವಳೊಬ್ಬಳೇ; ಅವಳ ಕೆಲಸಕ್ಕೇನಾದರೂ ಆದರೆ ನನ್ನ ಮುಂದಿನ ಅರ್ಜಿ ಅದರ ಮೇಲೆಯೇ ಇರುತ್ತದೆ.

ಮೇಲಿನವರು, ಅಂದರೆ ತಾವು, ಏನು ಹೇಳಿದಿರಿ? ಖಾತೆದಾರರೇ ಬಂದು ಕೇಳಬೇಕು ಎಂದಿರಿ. ಖಾತೆದಾರರು ಅಣ್ಣಯ್ಯಪ್ಪ. ಅವರು ಕ್ಯಾಮೆರಾದ ಮುಂದೆ ಕೂತು, ಆಧಾರ್ ಹಿಡಿದು, ತಲೆಯನ್ನು ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಆಡಿಸಿ, ಜೀವಂತ ಇದ್ದೇನೆಂದು ತೋರಿಸಬೇಕಂತೆ. ತಲೆ ಆಡಿಸುವುದನ್ನು ಅವರು ಒಂದು ತಿಂಗಳು ಬೇಕಾದಷ್ಟು ಮಾಡಿದ್ದಾರೆ ಸ್ವಾಮಿ, ನೋಡುವವರು ಇರಲಿಲ್ಲ. ತೀರಿಕೊಂಡಿದ್ದಾರೆ ಎಂದು ಬರೆದೆ. ಹಾಗಾದರೆ ಮರಣ ಪ್ರಮಾಣಪತ್ರ ತನ್ನಿ ಎಂದಿರಿ. ಮರಣ ದಾಖಲಾಗಿರುವುದು ಒಬ್ಬ ಅಪರಿಚಿತನ ಹೆಸರಿನಲ್ಲಿ. ಆ ಅಪರಿಚಿತನೇ ಅಣ್ಣಯ್ಯಪ್ಪ ಎಂದು ರುಜುವಾತು ಮಾಡಲು ಏನು ಬೇಕು ಎಂದು ಅಲ್ಲಿಯ ಮುನ್ಸಿಪಾಲಿಟಿಗೆ ನಾರಪ್ಪನ ಕೈಲಿ ಕೇಳಿಸಿದೆ. ಬೂದಿಯಿಂದ ರುಜುವಾತಾಗುವುದಿಲ್ಲ, ಫೋಟೋ, ದನಿ, ಅಂಥದ್ದೇನಾದರೂ ಇದ್ದರೆ ಅರ್ಜಿ ಹಾಕಿ, ನೋಡೋಣ, ಅಂದರಂತೆ. ಅಂದರೆ ದನಿ ಸಿಗಬೇಕಾದರೆ ಪ್ರಮಾಣಪತ್ರ ಬೇಕು, ಪ್ರಮಾಣಪತ್ರ ಸಿಗಬೇಕಾದರೆ ದನಿ ಬೇಕು. ಇದನ್ನು ವಿವರಿಸಿ ಬರೆದ ಪತ್ರಕ್ಕೆ ಬಂದ ಉತ್ತರ: 'ಶ್ರೀ ಅಣ್ಣಯ್ಯಪ್ಪ ಅವರೇ, ನಿಮ್ಮ ಟಿಕೆಟ್ಟನ್ನು ಪರ್ಯಾಪ್ತ ದಾಖಲೆ ಇಲ್ಲದ ಕಾರಣ ಮುಚ್ಚಲಾಗಿದೆ.' ಅಪ್ಪ ಬದುಕಿದ್ದಾಗ ಯಾವ ಕಚೇರಿಯೂ ಅವರನ್ನು ಇಷ್ಟು ಸಲ 'ಶ್ರೀ' ಎಂದು ಕರೆದಿರಲಿಲ್ಲ.

ನೀವು ಗೋಪ್ಯತೆ ಎನ್ನುತ್ತೀರಿ. ಖಾತೆದಾರರ ಗೋಪ್ಯತೆಯನ್ನು ಕಾಪಾಡುವುದು ನಿಮ್ಮ ಧರ್ಮವಂತೆ. ಮೆಚ್ಚಿದೆ. ಯಾರಿಂದ ಕಾಪಾಡುತ್ತಿದ್ದೀರಿ? ನಲವತ್ತೆಂಟು ವರ್ಷ ಜೊತೆಗೆ ಬಾಳಿದ, ಅವರ ಮಗ್ಗಕ್ಕೆ ನೂಲು ಸುತ್ತಿಕೊಟ್ಟ ರಾಜಾತಿಯಿಂದಲೇ? ಆ ನಲವತ್ತು ಸೆಕೆಂಡು ಜಗತ್ತಿನಲ್ಲಿ ಯಾರಿಗಾದರೂ ಅರ್ಥವಾಗುವುದಿದ್ದರೆ ಅದು ಅವಳಿಗೆ ಮಾತ್ರ. ಅವಳಿಗೆ ಕೊಡದೆ, ಯಾರಿಗೂ ಅರ್ಥವಾಗದಂತೆ ಅಳಿಸಿಹಾಕಿದರೆ ಆಗ ಗೋಪ್ಯತೆ ಉಳಿಯಿತು ಎನ್ನುತ್ತೀರೋ? ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ ಎಂಬ ಗಾದೆ ಕೇಳಿದ್ದೆ. ನೀವು ಒಂದು ಹೆಜ್ಜೆ ಮುಂದೆ ಹೋಗಿ, ಬಾಗಿಲು ಹಾಕಿದ ಮೇಲೆ ಕೋಟೆಗೇ ಬೆಂಕಿ ಇಡಲು ಹೊರಟಿದ್ದೀರಿ.

ಆದ್ದರಿಂದ ನನ್ನ ಬೇಡಿಕೆ. ಹಳೆಯ ಸರ್ವರಿನ ನಮ್ಮ ಮೇಲ್‌ಬಾಕ್ಸಿನಲ್ಲಿ ಮಾರ್ಚ್ ನಾಲ್ಕನೆಯ ತಾರೀಖಿನ, ಜಾರ್ಖಂಡಿನಿಂದ ಫಾರ್ಮಿನ ಮೂಲಕ ಬಂದ ಪತ್ರವನ್ನು ಅದರ ದನಿಯ ಸಮೇತ ಜೂನ್ ಮೂವತ್ತಕ್ಕೆ ಮುಂಚೆ ಹೊರತೆಗೆಯಿರಿ. ನನಗೆ ಕೊಡಲು ನಿಮ್ಮ ಕಾನೂನು ಬಿಡದಿದ್ದರೆ ಕೋರ್ಟಿಗೆ ಕೊಡಿ, ಠಾಣೆಗೆ ಕೊಡಿ. ಅದೂ ಆಗದಿದ್ದರೆ ಆ ಕನ್ನಡದ ಹುಡುಗಿಯ ಕೈಗೆ ಕೊಟ್ಟು ಒಂದು ಸಲ ಫೋನಿನಲ್ಲಿ ಕೇಳಿಸಿ, ಸಾಕು. ಇದಕ್ಕೆ ಏನು ಸಹಿ ಬೇಕು, ಯಾವ ಸ್ಟಾಂಪು ಬೇಕು, ಎಷ್ಟು ಪ್ರತಿ ಬೇಕು ಹೇಳಿ. ಆ ಕೆಲಸ ನನಗೆ ಬರುತ್ತದೆ. ಮಾರ್ಚ್ ಇಪ್ಪತ್ತರ ಎರಡನೆಯ ಪತ್ರವನ್ನು ಬೇಕಾದರೆ ಇಟ್ಟುಕೊಳ್ಳಿ. ಅದರಲ್ಲಿ 'ಅವರು ಊಟ ಬಿಟ್ಟಿದ್ದಾರೆ, ದಯವಿಟ್ಟು ಉತ್ತರಿಸಿ' ಎಂದಿದೆಯಂತೆ. ಅದನ್ನು ಓದುವ ಶಕ್ತಿ ನನಗಿಲ್ಲ.

ಬರುವ ಆಡಿ ಅಮಾವಾಸ್ಯೆಗೆ ನಮ್ಮ ಮನೆಯಲ್ಲಿ ಮೂರು ಎಲೆ ಬೀಳಬೇಕು. ಬಂಧುಗಳು ಅಮ್ಮನಿಗೆ ಹೇಳುತ್ತಿದ್ದಾರೆ, ಅವರಿಗೆ ಇಷ್ಟವಿದ್ದದ್ದನ್ನು ಏನಾದರೂ ಇಟ್ಟುಬಿಡು ಎಂದು. ಅಮ್ಮ ಒಪ್ಪುತ್ತಿಲ್ಲ. ಮೊನ್ನೆ ನಾನು ಹೋದಾಗಲೂ ಖಾಲಿ ಮಗ್ಗದ ಗುಂಡಿಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತಿದ್ದಳು. "ನೀರಲ್ಲ, ರೊಟ್ಟಿ ಅಲ್ಲ ಅಂತ ಆಯಮ್ಮ ಯೋಳ್ತಲ್ಲ ಭಾಗ್ಯ. ಅನ್ನ ಕೇಳಿದ್ರೋ, ನೂಲು ಕೇಳಿದ್ರೋ, ನನ್ನೇ ಕರ್ದ್ರೋ, ನಂಗೇನು ಗೊತ್ತು? ತಿಳೀದೆ ನಾನೂ ಏನೋ ಒಂದು ಇಕ್ಕಿದ್ರೆ, ಅಲ್ಲೂ ತಲೆ ಆಡಿಸ್ತಾರೆ ಕಣ್ಣು."

ಇಂತಿ,
ಊರವರ ಅರ್ಜಿಗಳನ್ನೆಲ್ಲ ದಿನ ತಪ್ಪದೆ ಬರೆದು, ತನ್ನಪ್ಪನ ಪತ್ರವನ್ನು ಅಮಾವಾಸ್ಯೆಗೆ ನೋಡೋಣವೆಂದು ಬಿಟ್ಟ ಮಗಳು,
ಭಾಗ್ಯಲಕ್ಷ್ಮಿ
ಧರ್ಮಪುರಿ, ಜೂನ್ ಆರು